ಕೋಟಿ ಸರಿ, ಗುಂಟೆ ಎಷ್ಟು?

ಬಳ್ಳಾರಿ ರಸ್ತೆಯ ಚಿಕ್ಕಜಾಲದಲ್ಲಿ, ಸರ್ವಿಸ್ ರೋಡಿನ ಟೀ ಅಂಗಡಿ ಮುಂದೆ ಸೂಟುಬೂಟಿನಲ್ಲಿ ನಿಂತಿದ್ದವರು ಶ್ರೀ ಕ್ವೊಟಿಡಿಯನ್. ಇಂಗ್ಲಿಷ್ ನಿಘಂಟಿನ ಕಾಯಂ ನಿವಾಸಿ. ಅರ್ಥ: ದಿನನಿತ್ಯದ, ಮಾಮೂಲಿ. ವಿಮಾನ ಇಳಿದು ಊರು ನೋಡಲು ಬಂದವರನ್ನು ಕೂರಿಸಿ, ಬೈಟು ಟೀ ಹೇಳಿ, ಮಾತಿಗೆಳೆದೆವು.

ಪ್ರಶ್ನೆ: ಊರಲ್ಲಿ ಸ್ವಾಗತ ಹೇಗಿತ್ತು ಸಾರ್?

ಉತ್ತರ: ಹೆಸರು ಹೇಳಿದೆ. ಪಕ್ಕದಲ್ಲಿದ್ದ ಸೈಟ್ ಬ್ರೋಕರ್ ಕಿವಿಗೆ 'ಕೋಟಿ' ಅಂತ ಬಿದ್ದಿರಬೇಕು. 'ಕೋಟಿ ಸರಿ, ಗುಂಟೆ ಎಷ್ಟು? ಪೇಪರ್ಸ್ ಕ್ಲಿಯರಾ?' ಅಂದರು.

ಪ್ರಶ್ನೆ: ಬೇಜಾರಾಗಬೇಡಿ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ರಸ್ತೇಲಿ ಎಲ್ಲರ ಕಿವಿಯೂ ಹಾಗೇ. ಅಂದ ಹಾಗೆ, ಪೇಪರ್ಸ್ ಕ್ಲಿಯರಾ?

ಉತ್ತರ: ಮೂಲಪತ್ರ ಲ್ಯಾಟಿನ್‌ನಲ್ಲಿದೆ. ಕ್ವೊಟ್ ಅಂದರೆ ಎಷ್ಟು, ದಿಯೆಸ್ ಅಂದರೆ ದಿನ. ಎಷ್ಟು ದಿನವೋ ಅಷ್ಟೂ ದಿನ. ಅಲ್ಲಿಂದ ಫ್ರೆಂಚರಿಗೆ ಪರಭಾರೆಯಾಗಿ, 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಖಾತೆ ಬದಲಾಯ್ತು. ಫ್ರಾನ್ಸ್, ಇಟಲಿಗಳಲ್ಲಿ ದಿನಪತ್ರಿಕೆಗೆ ಇವತ್ತಿಗೂ ನಮ್ಮ ದಾಯಾದಿಗಳದೇ ಹೆಸರು.

ಪ್ರಶ್ನೆ: ಇಂಗ್ಲಿಷಿನಲ್ಲಿ ಏನು ಕೆಲಸ ಕೊಟ್ಟರು?

ಉತ್ತರ: ಜ್ವರದ್ದು. ದಿನ ಬಿಟ್ಟು ದಿನ ಬರುವ ಮಲೇರಿಯಾ ಜ್ವರ ಟರ್ಶಿಯನ್, ದಿನಾ ಬರೋದು ನಾನು. ಷೇಕ್ಸ್‌ಪಿಯರ್ 'ಆಸ್ ಯು ಲೈಕ್ ಇಟ್' ನಾಟಕದಲ್ಲಿ ಪ್ರೇಮಿಗಳಿಗೂ ನನ್ನನ್ನೇ ಅಂಟಿಸಿದ.

ಪ್ರಶ್ನೆ: ದಿನಾ ಬರುವ ಜ್ವರಕ್ಕೆ ನಮ್ಮ ಆಯುರ್ವೇದದಲ್ಲಿ 'ಅನ್ಯೇದ್ಯುಷ್ಕ' ಅಂತಾರೆ.

ಉತ್ತರ: ಅಬ್ಬಾ! ರೋಗಿ ಇದನ್ನ ಹೇಳಿ ಮುಗಿಸೋ ಹೊತ್ತಿಗೆ ಜ್ವರ ಇಳಿದಿರುತ್ತೆ.

ಪ್ರಶ್ನೆ: ಅರ್ಥ ನೋಡಿದರೆ 'ದಿನಾಲೂ', ಬಳಕೆ ನೋಡಿದರೆ ವರ್ಷಕ್ಕೊಂದು ಸಲ. ಏನು ಸಾರ್ ಇದು?

ಉತ್ತರ: ನಿಮ್ಮ 'ದೈನಂದಿನ' ಏನು ಕಡಿಮೆಯೇ? 'ಮಗಾ, ದೈನಂದಿನ ಸ್ನಾನ ಮುಗಿಸಿ ಬಾರೋ' ಅಂತ ಯಾವ ತಾಯಿ ಕೂಗಿದ್ದಾಳೆ? ಸುತ್ತೋಲೆಯ ಹೊಸ್ತಿಲು ದಾಟಲ್ಲ ಅವನು. ಹಾಲಿನ ಡೇರಿಯಿಂದ ಹೂವಿನಮ್ಮನವರೆಗೆ ಎಲ್ಲರ ಬಾಯಲ್ಲೂ ಇರೋದು ನಮ್ಮೂರ 'ಡೈಲಿ'. ಕಳ್ಳ, ಇಲ್ಲೇ ರೇಷನ್ ಕಾರ್ಡು ಮಾಡಿಸಿಕೊಂಡಿದ್ದಾನೆ.

ಪ್ರಶ್ನೆ: ಹಾಗಾದರೆ ನಿಮ್ಮನ್ನು ಬಳಸೋರು ಯಾರು?

ಉತ್ತರ: ದಿನದ ಕೆಲಸ ಬೇರೆಯವರ ಕೈಲಿ ಮಾಡಿಸೋರು. ಪಾತ್ರೆ ಉಜ್ಜೋರು ಪಾತ್ರೆಗೆ ಪಾತ್ರೆ ಅಂತಾರೆ. ಉಜ್ಜೋದನ್ನ ಸೋಫಾದಲ್ಲಿ ಕೂತು ನೋಡಿ ಲೇಖನ ಬರೆಯೋರಿಗೆ ಮಾತ್ರ ನಾನು ಬೇಕು.

ಪ್ರಶ್ನೆ: ಅದಿರಲಿ, ನಮ್ಮ ಚಿಕ್ಕಜಾಲದ ಕೋಟೆ ನೋಡಿದಿರಾ?

ಉತ್ತರ: ಹೆದ್ದಾರಿ ಪಕ್ಕದ್ದೇ ತಾನೆ? ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಯಾಣಿ. ನೀರಿಗೋಸ್ಕರ ಅಷ್ಟು ಕಲ್ಲು ಹೊತ್ತಿದ್ದಾರೆ, ಒಂದು ಬ್ರೋಷರ್ ಮಾಡಿಸಿಲ್ಲ, ಪಾಪ.

ಪ್ರಶ್ನೆ: ಈ ಕಡೆ ನಿಮಗೇನಾದರೂ ಕೆಲಸ ಸಿಗಬಹುದಾ?

ಉತ್ತರ: ಆಗಲೇ ಸಿಕ್ಕಿದೆ. ವಿಲ್ಲಾ ಬ್ರೋಷರ್‌ನಲ್ಲಿ. ಈಜುಕೊಳದ ಫೋಟೋ ಕೆಳಗೆ 'ಕ್ವೊಟಿಡಿಯನ್ ಬದುಕಿಗೆ ವಿದಾಯ ಹೇಳಿ' ಅಂತ ಹಾಕ್ತಾರಂತೆ.

ಪ್ರಶ್ನೆ: ಕೊಳಕ್ಕೆ ನೀರು?

ಉತ್ತರ: ಟ್ಯಾಂಕರ್.

ಪ್ರಶ್ನೆ: ಯಾವಾಗ್ಯಾವಾಗ ಬರುತ್ತೆ?

ಉತ್ತರ: ಡೈಲಿ.