ಅಲ್ಪವ್ಯಯ ಹಿಮಮೀಮಾಂಸೆ, ಅಥವಾ ಕೌಲ್ ಬಜಾರಿನಿಂದ ಗುಲ್ಮಾರ್ಗಕ್ಕೆ

ಶಾಸ್ತ್ರಗ್ರಂಥಗಳೆಲ್ಲ ಮಂಗಳಶ್ಲೋಕದಿಂದ ಶುರುವಾಗುತ್ತವೆ. ಈ ಶಾಸ್ತ್ರ ಚೌಕಾಸಿಯಿಂದ ಶುರುವಾಗುತ್ತದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹುಟ್ಟಿದ ವಿದ್ಯೆಗೆ ಬೇರೆ ಮಂಗಳಾಚರಣೆ ಒಗ್ಗುವುದೂ ಇಲ್ಲ. ಚರ್ಚೆಗೆ ಬಂದಿರುವ ಪ್ರಶ್ನೆ ಇಷ್ಟೇ: ದುಡ್ಡಿದ್ದವರು ಹಿಮದ ಮೇಲೆ ಜಾರಲು ಹೋಗುವ ಬೆಟ್ಟಕ್ಕೆ ದುಡ್ಡಿಲ್ಲದವನು ಹೋಗಿ, ತಾನೂ ಜಾರಿ, ಸಾಲ ಮೈಮೇಲೆ ಎಳೆದುಕೊಳ್ಳದೆ ಮನೆಗೆ ಮರಳಬಹುದೇ?

ಮೊದಲು ನಾಮನಿರ್ವಚನ. ಅರಬ್ಬಿಯಲ್ಲಿ 'ಕೌಲ್' ಅಂದರೆ ಮಾತು, ವಚನ. ದಕ್ಖನ್ನಿನ ಕಚೇರಿಗಳಿಗೆ ಬಂದು ಅದು 'ಕೌಲು' ಆಯಿತು; ಇಷ್ಟು ಕೊಟ್ಟರೆ ಇಷ್ಟು ಬಿಡುತ್ತೇವೆ ಎಂಬ ಕರಾರು. ದಂಡಿನ ಮಗ್ಗುಲಲ್ಲಿ ಬೆಳೆದ ಪೇಟೆಗೆ ಈ ಅರ್ಥವೇ ಸಾಕು ಎನ್ನುವವರು ಸಂಪ್ರದಾಯಸ್ಥರು. ನವೀನರು ಒಪ್ಪುವುದಿಲ್ಲ. ಕಾಶ್ಮೀರಿ ಪಂಡಿತರಲ್ಲಿ ಕೌಲ್ ಎಂಬ ಮನೆತನವಿದೆ, ಜವಾಹರಲಾಲ್ ನೆಹರೂ ಅವರ ಮಡದಿ ಕಮಲಾ ಆ ಮನೆತನದ ಮಗಳು, ಆದಕಾರಣ ಕೌಲ್ ಬಜಾರು ಕಾಶ್ಮೀರದ್ದೇ ಒಂದು ಕವಲು ಎಂಬುದು ಅವರ ವಾದ. ಮೂರನೆಯ ಪಂಥದವರು ಇಂಗ್ಲಿಷ್ ಬೋರ್ಡು ಓದುವವರು. ಬೋರ್ಡಿನ ಮೇಲಿನ 'Cowl' ಎಂಬ ಕಾಗುಣಿತವನ್ನು ನಿಘಂಟಿನಲ್ಲಿ ಹುಡುಕಿದರೆ ತಲೆ, ಕಿವಿ, ಕುತ್ತಿಗೆ ಮುಚ್ಚುವ ಕುಲಾವಿ ಎಂದು ಸಿಗುತ್ತದೆ. ಅಂದರೆ ಮಂಕಿ ಕ್ಯಾಪ್! ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನ ಪೇಟೆಗೆ ಮಂಕಿ ಕ್ಯಾಪಿನ ಹೆಸರು ಬರೆದವನು ಒಂದೋ ತಲೆಕೆಟ್ಟವನು, ಇಲ್ಲವೇ ದ್ರಷ್ಟಾರ. ಶಾಸ್ತ್ರದ ಮರ್ಯಾದೆಗಾಗಿ ಎರಡನೆಯದನ್ನೇ ಹಿಡಿಯಲಾಗಿದೆ.

ಇನ್ನು 'ಸ್ಕೀ'. ಹಳೆಯ ನಾರ್ಸ್ ಭಾಷೆಯಲ್ಲಿ ಇದರ ಮೂಲಕ್ಕೆ ಸೀಳಿದ ಕಟ್ಟಿಗೆ ಎಂದರ್ಥ. ಕನ್ನಡದ 'ಸೀಳು' ನಾರ್ವೆಯ ಚಳಿಗೆ ಗಡಗಡ ನಡುಗಿ 'ಸ್ಕೀ' ಆಯಿತು ಎಂದು ಕೌಲ್ ಬಜಾರಿನ ಭಾಷಾಶಾಸ್ತ್ರ ಸಾಧಿಸುತ್ತದೆ. ವಿಶ್ವವಿದ್ಯಾಲಯದವರು ನಕ್ಕರೆ ನಗಲಿ. ಮುಖ್ಯವಾದದ್ದು ಅರ್ಥಶಾಸ್ತ್ರ: ಸೀಳಿದ ಕಟ್ಟಿಗೆಗೆ ಸೌದೆ ಡಿಪೋದಲ್ಲಿ ತೂಕದ ಮೇಲೆ ದರ, ಬೆಟ್ಟದ ಮೇಲೆ ಗಂಟೆಯ ಮೇಲೆ ಬಾಡಿಗೆ.

ಪೂರ್ವಪಕ್ಷದವರು ಇಲ್ಲಿಯೇ ತಡೆಯುತ್ತಾರೆ. "ಅಷ್ಟು ದೂರ ಯಾಕ್ರೀ ಹೋಗ್ಬೇಕು, ಊರಾಗ ಗುಡ್ಡ ಇಲ್ಲೇನು?" ಪ್ರಶ್ನೆ ಸಾಧುವಾದದ್ದು; ಲೆಕ್ಕ ಹಾಕಿಯೇ ಉತ್ತರಿಸಬೇಕು. ಮೇಲಕ್ಕೇರಿದಂತೆ ಗಾಳಿ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಬಯಲಲ್ಲಿ 40 ಡಿಗ್ರಿ ಇದ್ದ ದಿನ ಸೊನ್ನೆಯನ್ನು ಮುಟ್ಟಲು ಆರು ಕಿಲೋಮೀಟರಿಗೂ ಮೇಲೆ ಹತ್ತಬೇಕು. ಕೋಟೆ ಹೊತ್ತ ಬಳ್ಳಾರಿ ಗುಡ್ಡದ ಎತ್ತರ ಬಯಲಿನಿಂದ ಸುಮಾರು 450 ಅಡಿ. ಅಂಥ 45 ಗುಡ್ಡಗಳನ್ನು ಒಂದರ ತಲೆಯ ಮೇಲೊಂದು ಪೇರಿಸಿದರೆ ತುದಿಯಲ್ಲಿ ನೀರು ಹೆಪ್ಪುಗಟ್ಟೀತು. ಎಣಿಕೆಯಲ್ಲಿ ಎಚ್ಚರ ಬೇಕು. ಹೈದರಾಲಿಗಾಗಿ ಈ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರು ಪಕ್ಕದ ಕುಂಬಾರಗುಡ್ಡವೇ ಇನ್ನೂ ಎತ್ತರ ಎಂಬುದನ್ನು ಗಮನಿಸದೆ ಗಲ್ಲಿಗೇರಿದ ಕಥೆ ಊರಿನ ಬಾಯಲ್ಲಿ ಇವತ್ತಿಗೂ ಇದೆ.

ಅದೂ ಅಲ್ಲದೆ, ಈ ಜಿಲ್ಲೆಗೆ ಗುಡ್ಡ ಪೇರಿಸಿ ಅಭ್ಯಾಸವಿಲ್ಲ; ಕರಗತವಾಗಿರುವುದು ಇಳಿಸುವ ವಿದ್ಯೆ. ಸಂಡೂರಿನ ಬೆಟ್ಟಗಳು ಅದಿರಾಗಿ ಲಾರಿ ಹತ್ತಿ, ಬಂದರು ಕಂಡು, ಹಡಗೇರಿ ಚೀನಾಕ್ಕೆ ಹೋದವು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಉಳಿದದ್ದು ಪೇರಿಸಲು ಸಾಲುವಂತಿರಲಿಲ್ಲ.

ಸಂಡೂರಿನ ಹೆಸರು ಬಂತಾದ್ದರಿಂದ ರಾಮನದುರ್ಗವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬಿಟ್ಟಿ ಪ್ರವಾಸದ ಇತಿಹಾಸದಲ್ಲಿ ಅದು ಪುಣ್ಯಕ್ಷೇತ್ರ. 19ನೇ ಶತಮಾನದ ನಡುಭಾಗದಲ್ಲಿ ಮದ್ರಾಸ್ ಸರ್ಕಾರ ಸಂಡೂರಿನ ರಾಜರ ಒಪ್ಪಿಗೆ ಪಡೆದು, ಬಳ್ಳಾರಿ ದಂಡಿನ ಬಿಳಿಯ ಸಿಪಾಯಿಗಳಿಗಾಗಿ ಅಲ್ಲೊಂದು ಆರೋಗ್ಯಧಾಮ ಮಾಡಿತು. ಬೆಟ್ಟದ ಎತ್ತರ ಸುಮಾರು 3,200 ಅಡಿ, ಬಳ್ಳಾರಿ ಬಯಲಿನದು ಅದರ ಅರ್ಧ. ಮೇಲಿನ ಸೂತ್ರದ ಪ್ರಕಾರ ಲಾಭ ಮೂರು ಡಿಗ್ರಿ ಚಿಲ್ಲರೆ. ಈ ಮೂರು ಡಿಗ್ರಿಗಾಗಿ ರಸ್ತೆ ಕಡಿದರು, ಬಂಗಲೆ ಕಟ್ಟಿದರು. ಅವುಗಳ ಪಾಳು ಗೋಡೆಗಳು ಈಗಲೂ ನಿಂತಿವೆ. ಸಿಪಾಯಿಯ ಜೇಬಿನಿಂದ ಹೋದದ್ದು ಸೊನ್ನೆ. ಬೇರೆಯವರ ಖರ್ಚಿನಲ್ಲಿ ತಾನು ತಣ್ಣಗಿರುವ ಈ ವಿಧಾನಕ್ಕೆ ಶಾಸ್ತ್ರದಲ್ಲಿ 'ಪರವ್ಯಯ ಶೈತ್ಯನ್ಯಾಯ' ಎಂದು ಹೆಸರು. ನೇಮಕಾತಿ ಆದೇಶ ಕೈಯಲ್ಲಿಲ್ಲದವರು ಪ್ರಯತ್ನಿಸಬಾರದು.

ದೊರೆಗಳಿಗೆ ಬೆಟ್ಟದ ಚಳಿಯಷ್ಟೇ ಸಾಲಲಿಲ್ಲ. 1833ರಲ್ಲಿ ಬಾಸ್ಟನ್ನಿನಿಂದ ಹಡಗಿನಲ್ಲಿ ಮಂಜುಗಡ್ಡೆ ಕಲ್ಕತ್ತೆಗೆ ಬಂತು. ಆಮೇಲೆ ಮದ್ರಾಸಿನ ಕಡಲತೀರದಲ್ಲೂ ಅದನ್ನಿಡಲು ಐಸ್ ಹೌಸ್ ಎದ್ದಿತು. 1897ರಲ್ಲಿ ವಿವೇಕಾನಂದರು ತಂಗಿದ್ದ ಕಟ್ಟಡ ಅದೇ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಮದ್ರಾಸಿನ ಭಾಗವಾಗಿತ್ತು, ಆದ್ದರಿಂದ ಆ ಗಡ್ಡೆಯಲ್ಲಿ ಅದಕ್ಕೂ ನ್ಯಾಯವಾಗಿ ಪಾಲಿತ್ತು. ಎತ್ತಿನ ಬಂಡಿಗೆ ಹಾಕಿ ಕಳಿಸಿದ್ದರೆ ಗುತ್ತಿಯ ಆಚೆಗೇ ನೀರಾಗಿ, ಈಚೆಗೆ ಆವಿಯಾಗಿ, ಕೌಲ್ ಬಜಾರಿಗೆ ಖಾಲಿ ಬಂಡಿಯ ಬಾಡಿಗೆ ಚೀಟಿ ಬಂದಿರುತ್ತಿತ್ತು. 1927ರಲ್ಲಿ ಬ್ರಿಟಿಷ್ ಅಧಿಕಾರಿಗಳು ಕಾಶ್ಮೀರದ ಗುಲ್ಮಾರ್ಗದಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ತೆರೆದರು. ಮೂರು ಡಿಗ್ರಿಯಿಂದ ಶುರುವಾದ ಚಟ ಹಿಮಕ್ಕೇ ಹೋಗಿ ಮುಟ್ಟಿತು.

ಇಲ್ಲಿಗೆ ಪೂರ್ವಪಕ್ಷ ಮುಗಿಯಿತು, ಹೋಗಲೇಬೇಕು. ಎಲ್ಲಿಗೆ? ಅಮೆರಿಕದ ವೇಲ್ ಎಂಬ ಬೆಟ್ಟದಲ್ಲಿ ಜನಜಂಗುಳಿಯ ದಿನ ಲಿಫ್ಟಿನ ಒಂದು ದಿನದ ಚೀಟಿಗೆ 300 ಡಾಲರಿಗೂ ಹೆಚ್ಚು. ರೂಪಾಯಿಯಲ್ಲಿ 25 ಸಾವಿರ ದಾಟುತ್ತದೆ. ಕೌಲ್ ಬಜಾರಿನಲ್ಲಿ ಜೀನ್ಸಿಗೆ ಸಿಗುವ ಹೊಲಿಗೆ ಕೂಲಿಯಿಂದ ಅದನ್ನು ಭಾಗಿಸಿದರೆ ಎಷ್ಟು ಪ್ಯಾಂಟಾಗುತ್ತದೆ ಎಂಬುದನ್ನು ಟೇಲರ್ ಮಾಸ್ಟರರ ಮನೆಯವರ ಎದುರಿಗೆ ಹೇಳಬಾರದು. ಆದ್ದರಿಂದ ಗುಲ್ಮಾರ್ಗವೇ ಗತಿ.

ಗುಲ್ಮಾರ್ಗ ಸೋವಿ ಎಂದಲ್ಲ. ಆದರೆ ಅಲ್ಲಿನ ಬೆಲೆಯ ಗುಟ್ಟನ್ನು ಬಿಡಿಸಬಲ್ಲವರು ಕೌಲ್ ಬಜಾರಿನವರೇ ಎಂಬುದು ಈ ಗ್ರಂಥದ ಮೂಲ ಸಿದ್ಧಾಂತ. ದಂಡಿನ ಸಮವಸ್ತ್ರ ಹೊಲಿದ ಕೈಗಳೇ ಮುಂದೆ ಜೀನ್ಸ್ ಹಿಡಿದವು ಎಂದು ಊರು ಹೇಳಿಕೊಳ್ಳುತ್ತದೆ. ಅಲ್ಲಿ ಇಡೀ ಪ್ಯಾಂಟನ್ನು ಒಬ್ಬರೇ ಮುಗಿಸುವ ರೂಢಿಯಿಲ್ಲ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಮನೆಯಲ್ಲಿ, ಕಾಜಾ-ಗುಂಡಿ ಮತ್ತೊಂದರಲ್ಲಿ, ಆಮೇಲೆ ವಾಷಿಂಗ್ ಯೂನಿಟ್ಟು, ಇಸ್ತ್ರಿ. ಪ್ರತಿ ಕೈಗೂ ಪೀಸಿಗಿಷ್ಟು. ಬೆಟ್ಟವನ್ನೂ ಹಾಗೆಯೇ ತುಂಡು ಮಾಡಿ ಮಾರುತ್ತಾರೆ. ಉದ್ದ ಕೋಟು ಒಂದು ಪೀಸು, ಗಮ್‌ಬೂಟು ಒಂದು ಪೀಸು. ಹಲಗೆ, ಕೋಲು, ಕಲಿಸುವವ, ಕುದುರೆ, ಸ್ಲೆಜ್ ಎಳೆಯುವವ, ಎಲ್ಲಕ್ಕೂ ಬೇರೆ ಬೇರೆ ದರ. 1998ರಲ್ಲಿ ಕೊಂಗ್ಡೂರಿಯವರೆಗೆ ಓಡತೊಡಗಿದ ಕೇಬಲ್ ಕಾರು ಗೊಂಡೋಲಾ, 2005ರಲ್ಲಿ ಅಫರ್ವಟ್ ಬೆಟ್ಟದ ಮೈಗೆ, ಸುಮಾರು 3,950 ಮೀಟರ್ ಎತ್ತರಕ್ಕೆ ಬೆಳೆಯಿತು, ಚೀಟಿಯೂ ಎರಡಾಯಿತು. ಬೇರೆ ಊರಿನ ಗಿರಾಕಿ ಇದನ್ನೆಲ್ಲ ಒಟ್ಟಿಗೆ 'ಪ್ಯಾಕೇಜ್' ಎಂದು ಕೊಂಡು ಮೋಸಹೋಗುತ್ತಾನೆ. ಕೌಲ್ ಬಜಾರಿನವನು ಕಾಜಾ ಬೇಡ, ಬೆಲ್ಟ್ ಲೂಪು ನಾನೇ ಹಾಕ್ಕೊತೀನಿ ಎನ್ನುವವನು.

ಭಾಷೆಯ ಅನುಕೂಲವೂ ಇದೆ. ಕಾಶ್ಮೀರದಲ್ಲಿ ಉರ್ದು ನಡೆಯುತ್ತದೆ, ಕೌಲ್ ಬಜಾರಿನಲ್ಲಿ ದಖನಿ. ಲಖನೌದ ಉರ್ದುವಿನಲ್ಲಿ ಬೇಡ ಎನ್ನಬೇಕಾದರೆ ಕ್ಷಮೆ ಕೇಳಿ, ಕುಶಲ ವಿಚಾರಿಸಿ, ಅರ್ಧ ತಾಸು ಕಳೆಯಬೇಕು; ಅಷ್ಟರಲ್ಲಿ ಗಿರಾಕಿ ಕುದುರೆಯ ಮೇಲಿರುತ್ತಾನೆ. ದಖನಿಯಲ್ಲಿ ಒಂದೇ ಮಾತು: "ನಕ್ಕೋ." ಹಿಮಶಾಸ್ತ್ರದಲ್ಲಿ ಇದೇ ಬೀಜಮಂತ್ರ. "ಇತ್ತಾ ಕೈಕು?" ಎಂಬುದು ಉಪಮಂತ್ರ.

ದಾರಿ ನೇರವಾಗಿದೆ. ಬಳ್ಳಾರಿಯಿಂದ 50 ಕಿಲೋಮೀಟರಿನಷ್ಟು ದೂರದ ಗುಂತಕಲ್ಲಿಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ದಿಲ್ಲಿ. ಅಲ್ಲಿಂದ ಕಟ್ರಾ. 2025ರ ಜೂನಿನಿಂದ ಕಟ್ರಾದಿಂದ ಶ್ರೀನಗರಕ್ಕೂ ರೈಲಿದೆ, ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆಯ ಮೇಲೆ. (ಹೊಸ ಲೆಕ್ಕದಲ್ಲಿ ಅದು ಎರಡೂವರೆ ಬಳ್ಳಾರಿ ಗುಡ್ಡ.) ಮುಂದೆ ಟಂಗ್‌ಮಾರ್ಗದವರೆಗೆ ಬಸ್ಸು ಅಥವಾ ಸೀಟು ಲೆಕ್ಕದ ಸುಮೋ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಬಳ್ಳಾರಿಯ ಬಿಸಿಲಿಗೇ ಕೆಡದ ರೊಟ್ಟಿ ಹಿಮಾಲಯದಲ್ಲಿ ಕೆಡುವ ಪ್ರಶ್ನೆಯೇ ಇಲ್ಲ. ರೈಲಿನ ಕುಲುಕಾಟಕ್ಕೆ ಮುರಿದು ಪುಡಿಯಾದರೆ ಮೊಸರಲ್ಲಿ ಕಲಸಿ ತಿನ್ನಬಹುದು.

ಈಗ ಗ್ರಂಥದ ಅತ್ಯಂತ ಕಷ್ಟದ ಅಧಿಕರಣ. ಜೀನ್ಸಿನ ಊರಿನವನು ಹಿಮಕ್ಕೆ ಏನು ತೊಟ್ಟು ಹೋಗಬೇಕು? ಸಹಜವಾಗಿ ಜೀನ್ಸು. ಅದೇ ತಪ್ಪು. ಡೆನಿಮ್ ಹತ್ತಿಯ ಬಟ್ಟೆ. ಹತ್ತಿ ನೀರು ಹೀರುತ್ತದೆ. ಒದ್ದೆಯಾದ ಮೇಲೆ ಮೈಯ ಬಿಸಿ ತಡೆಯುವ ಗುಣ ಹೋಗಿ, ಚಳಿಯಲ್ಲಿ ಬಟ್ಟೆ ಹಲಗೆಯ ಹಾಗೆ ಸೆಟೆಯುತ್ತದೆ. ಮೇಲೊಂದು ನೀರು ನುಗ್ಗದ ನೈಲಾನು, ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರು ಇರಬೇಕೆಂಬುದು ಬಲ್ಲವರ ಮಾತು. ಊರಿಗೆ ಹೆಸರು ತಂದ ಮಾಲು ಜಗತ್ತಿನ ಎಲ್ಲ ಕಡೆ ನಡೆದು ಇಲ್ಲೊಂದು ಕಡೆ ಕೈಕೊಡುತ್ತದೆ. ಸೆಟೆದ ಪ್ಯಾಂಟಿನ ಎರಡು ಕಾಲುಗಳನ್ನೇ ಸ್ಕೀಗಳೆಂದು ಭಾವಿಸಿ ಹಲಗೆಯ ಬಾಡಿಗೆ ಉಳಿಸಬಹುದಲ್ಲ ಎಂದು ಒಬ್ಬ ಟೀಕಾಕಾರ ಸೂಚಿಸಿದ್ದಾನೆ. ಪ್ರಯೋಗ ಮಾಡಿದವರು ಇನ್ನೂ ಮುಂದೆ ಬಂದಿಲ್ಲ.

ಜಾರುವ ತಂತ್ರಕ್ಕೆ ಬಂದರೆ, ಹಲಗೆಯ ಅಡಿಗೆ ತಿಕ್ಕಾಟದಿಂದ ತೆಳ್ಳಗೆ ನೀರಿನ ಪದರ ಹುಟ್ಟುತ್ತದೆ, ಜಾರುವುದು ಅದರ ಮೇಲೆ. ಹೊಸಬರಿಗೆ ಮೊದಲು ಕಲಿಸುವುದು ಎರಡೂ ಹಲಗೆಗಳ ಮೂತಿ ಕೂಡಿಸಿ ಹಿಮ್ಮಡಿ ಅಗಲಿಸಿ ನಿಲ್ಲುವುದನ್ನು. ವೇಗ ತಡೆಯುವ ಈ ಭಂಗಿಗೆ ಹಿಮದ ನೇಗಿಲು ಎಂದೇ ಹೆಸರು. ಸಿರುಗುಪ್ಪ, ಕುರುಗೋಡಿನ ಎರೆಹೊಲದಲ್ಲಿ ಮಳೆಯ ಮರುದಿನ ಬದುವಿನ ಮೇಲೆ ನಡೆದವರಿಗೆ ಈ ಭಂಗಿ ಹುಟ್ಟಿನಿಂದ ಬಂದದ್ದು. ಬೀಳುವುದೂ ಅಷ್ಟೇ.

ನಿಜವಾಗಿ ಕಲಿಯಬೇಕೆನ್ನುವ ಬಡವನಿಗೆ ಸರ್ಕಾರಿ ದಾರಿಯಿದೆ, ಹಾಸ್ಯಕ್ಕಲ್ಲ. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯಂಥ ಕಡೆ ಎರಡು ವಾರದ ಸ್ಕೀ ತರಬೇತಿಗೆ ಕಟ್ಟುವ ಶುಲ್ಕದಲ್ಲೇ ಊಟ, ವಸತಿ, ಹಲಗೆ ಬರುತ್ತವೆ. ಹಿಮ ಬೀಳದ ನಾಡಿನವರಿಗೆ ಇದೆಲ್ಲ ಯಾಕೆ ಎನ್ನುವವರು 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಪದಕಪಟ್ಟಿ ನೋಡಬೇಕು: ಸೇನೆ ಮೊದಲು, ಎರಡನೆಯದು ಕರ್ನಾಟಕ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗದ ಹಿಮದಲ್ಲಿ ಚಿನ್ನ ಗೆದ್ದವರು. ಕೊಡಗಿಗೂ ಹಿಮ ಬೀಳುವುದಿಲ್ಲ.

ಈಚೆಗೆ ಗುಲ್ಮಾರ್ಗಕ್ಕೂ ಸರಿಯಾಗಿ ಬೀಳುತ್ತಿಲ್ಲ. 2024ರ ಜನವರಿಯ ಬಹುಭಾಗ ಅಲ್ಲಿನ ಇಳಿಜಾರು ಕಂದು ಬಣ್ಣದಲ್ಲಿತ್ತು. 2025ರ ಫೆಬ್ರುವರಿಯ ಕ್ರೀಡಾಕೂಟ ಹಿಮ ಸಾಲದೆ ಮಾರ್ಚಿಗೆ ಹೋಯಿತು. ಉತ್ತರಾಖಂಡದ ಔಲಿಯಲ್ಲಿ ಇನ್ನೊಂದು ಬಗೆ: 2023ರ ಜನವರಿಯಲ್ಲಿ ಜೋಶಿಮಠದ ನೆಲವೇ ಕುಸಿಯತೊಡಗಿ, ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿತು. ಬೆಟ್ಟವನ್ನು ಲಾರಿಗೆ ತುಂಬದೆಯೂ ಇಳಿಸಬಹುದೆಂದು ಬಳ್ಳಾರಿಯವರು ತಿಳಿದದ್ದು ಆಗಲೇ.

ಇನ್ನು ಪ್ರಯೋಗಕಾಂಡ. ಕೌಲ್ ಬಜಾರಿನ ಟೇಲರ್ ಮಾಸ್ಟರೊಬ್ಬ ಟಂಗ್‌ಮಾರ್ಗದ ಬಾಡಿಗೆ ಕೋಟಿನ ಅಂಗಡಿ ಹೊಕ್ಕನೆಂದು ಭಾವಿಸೋಣ. ಬೇರೆಯವರು ಕೋಟು ತೊಟ್ಟು ಕನ್ನಡಿ ನೋಡುತ್ತಾರೆ; ಇವನು ಒಳಮೈ ತಿರುವಿ ಹೊಲಿಗೆ ನೋಡುತ್ತಾನೆ. ಕಂಕುಳಲ್ಲಿ ದಾರ ಬಿಟ್ಟಿದೆ, ಝಿಪ್ಪು ಹಲ್ಲು ಕಳಕೊಂಡಿದೆ, ಜೇಬಿನ ಬಾಯಿಗೆ ಎಂದೋ ಯಾರೋ ಕಚ್ಚಾ ಹಾಕಿದ್ದಾರೆ. "ಸೂಯಿ-ಧಾಗಾ ಹೈ ಕ್ಯಾ ಭಾಯ್?" ಬಾಡಿಗೆಗೆ ಬದಲು ರಿಪೇರಿ ಎಂದು ಕೌಲು ಆಗುತ್ತದೆ. ಒಂದು ಕೋಟು ಮುಗಿಯುವಾಗ ಅಂಗಡಿಯವನು ಕಾಹ್ವಾ ತರಿಸುತ್ತಾನೆ, ಮೂಲೆಯಿಂದ ಇನ್ನೂ ಮೂರು ಕೋಟು ಎಳೆದು ಮುಂದಿಡುತ್ತಾನೆ. ನಾಲ್ಕನೆಯದರ ಗಂಟು ಕಚ್ಚುವ ಹೊತ್ತಿಗೆ ಹೊರಗೆ ಹಿಮ ಶುರುವಾಗಿದೆ, ಮೇಲೆ ಗೊಂಡೋಲಾ ಆ ದಿನದ ಕೊನೆಯ ಸುತ್ತು ಮುಗಿಸಿದೆ. ಅಂಗಡಿಯವನು ಐದನೆಯ ಕೋಟು ಚಾಚುತ್ತಾನೆ. ಮಾಸ್ಟರ್ ಅದನ್ನು ತಿರುವಿ ನೋಡಿ, ತೊಡೆಯ ಮೇಲೆ ಹಾಸಿಕೊಂಡು, ಪೀಸಿಗೆ ಎಷ್ಟು ಎಂದು ಕೇಳುತ್ತಾನೆ.