ಅಂಗಡಿ ಬ್ಯಾರೆ, ಮನಿ ಬ್ಯಾರೆ: ಲೆಕ್ಕಶಾಸ್ತ್ರದ ಪುಸ್ತಕ ಬರೆಯುವವರಿಗೊಂದು ಬಹಿರಂಗ ಪತ್ರ

ಮಾನ್ಯ ಗುರುಗಳೇ,

ನಾನು ಬೀದರಿನ ಪಕ್ಕದ ಅಷ್ಟೂರಿನವನು. ಬಿ.ಕಾಂ. ಮೊದಲ ವರ್ಷಕ್ಕೆ ಲೆಕ್ಕಶಾಸ್ತ್ರದ ಪುಸ್ತಕ ಬರೆಯುವ ನಿಮ್ಮೆಲ್ಲರಿಗೂ ಈ ಪತ್ರ. ನಾನೀಗ ಎರಡನೇ ವರ್ಷದಲ್ಲಿದ್ದೇನೆ. ನನ್ನ ಹಿಂದೆ ಬರುವವರಿಗೆ ಒಂದು ವರ್ಷವಾದರೂ ಉಳಿಯಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇತ್ತು: ಗಿರಾಕಿಗೆ ಉದ್ರಿ ಮಾರಿದ ಸರಕನ್ನು ಅವನ ಖಾತೆಯಲ್ಲಿ ತೋರಿಸಿ. ನಾನು ಬಲಗಡೆ ಬರೆದೆ, ಸೊನ್ನೆ ಬಂತು. ಬಲಗಡೆ ಯಾಕೆ ಬರೆದೆ ಎಂದು ಯಾರೂ ಕೇಳಲಿಲ್ಲ. ನಮ್ಮ ಮುತ್ಯಾ, ಅಂದರೆ ಅಜ್ಜ, ಜೀವಮಾನವೆಲ್ಲ ಹಾಗೇ ಬರೆದವರು. ನಮ್ಮದು ಕಿರಾಣಿ ಅಂಗಡಿ. ಅವರ ಕೆಂಪು ಬಟ್ಟೆಯ ವಹಿಯಲ್ಲಿ ಗಿರಾಕಿ ಕೊಟ್ಟ ರೊಕ್ಕ ಎಡಕ್ಕೆ, ಅದು ಜಮಾ. ಒಯ್ದ ಸರಕು ಬಲಕ್ಕೆ, ಅದು ನಾಂವೆ. ಮಹಾಜನಿ ಪದ್ಧತಿಯೇ ಹಾಗೆ. ರೋಜಕಿರ್ದಿಯಲ್ಲಿ ಎಡಕ್ಕೆ ಬರೆದದ್ದು ಖಾತೆಯಲ್ಲೂ ಎಡಕ್ಕೇ ಹೋಗುತ್ತದೆ. ನೀವು ಕಲಿಸುವ ಪದ್ಧತಿಯ ನಗದು ಪುಸ್ತಕದಲ್ಲೂ ಬಂದ ರೊಕ್ಕ ಎಡಕ್ಕೇ ಇರುತ್ತದೆ, ಆದರೆ ಗಿರಾಕಿಯ ಖಾತೆಗೆ ಹಚ್ಚುವಾಗ ಬಲಕ್ಕೆ ದಾಟುತ್ತದೆ. ಈ ಎರಡು ಸಾಲು ಮೊದಲ ಪುಟದಲ್ಲಿ ಇದ್ದಿದ್ದರೆ ಸಾಕಿತ್ತು. ವಹಿ ಒಂದು ತೊಡೆಯ ಮೇಲೆ, ಪುಸ್ತಕ ಇನ್ನೊಂದು ತೊಡೆಯ ಮೇಲೆ ಇಟ್ಟುಕೊಂಡು ನಾನೇ ಅದನ್ನು ಹುಡುಕಬೇಕಾಯಿತು.

ಇನ್ನೊಂದು ತೊಡಕು ಶಬ್ದದ್ದು. ಕನ್ನಡದಲ್ಲಿ ಡೆಬಿಟ್‌ಗೆ ‘ಖರ್ಚು’, ಕ್ರೆಡಿಟ್‌ಗೆ ‘ಜಮಾ’ ಎಂದು ಬರೆಯುವ ರೂಢಿ ಇದೆ. ರೊಕ್ಕ ಬಂದಾಗ ‘ನಗದು ಖಾತೆಗೆ ಖರ್ಚು’ ಎಂದು ಓದಿದ ಹುಡುಗಿಯೊಬ್ಬಳು ನನ್ನ ಪಕ್ಕದ ಬೆಂಚಿನಲ್ಲಿ ಅತ್ತೇಬಿಟ್ಟಳು. ಬಂದ ರೊಕ್ಕ ಖರ್ಚು ಹೇಗಾದೀತು? ಮುತ್ಯಾನ ‘ನಾಂವೆ’ ಎಷ್ಟು ಸರಳ ನೋಡಿ, ಅಂದರೆ ಹೆಸರಿಗೆ. ಯಾರ ಹೆಸರಿಗೆ? ಸರಕು ಗಿರಾಕಿಯ ಹತ್ತಿರ ಹೋಯಿತು, ಗಿರಾಕಿಯ ಹೆಸರಿಗೆ. ರೊಕ್ಕ ಗಲ್ಲಾದೊಳಗೆ ಬಿತ್ತು, ಗಲ್ಲಾದ ಹೆಸರಿಗೆ. ಇನ್ನು ಅದಕ್ಕೆ ಗಲ್ಲಾ ಉತ್ತರ ಹೇಳಬೇಕು. ಡೆಬಿಟ್ ಎಂಬುದು ಲ್ಯಾಟಿನ್‌ನಲ್ಲಿ ‘ಕೊಡಬೇಕಾಗಿರುವುದು’ ಎಂಬ ಅರ್ಥದ ಮೂಲದಿಂದ ಬಂದ ಮಾತಂತೆ. ಎರಡೂ ಒಂದೇ ಮಾತಾಯಿತಲ್ಲ! ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನಾವು ತುಂಬಿದ ರೊಕ್ಕಕ್ಕೆ ಕ್ರೆಡಿಟ್ ಎಂದೇಕೆ ಇರುತ್ತದೆ ಎಂಬ ಒಗಟೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಅದು ಬ್ಯಾಂಕು ಬರೆದ ವಹಿ. ಅಲ್ಲಿ ನಾವು ಕೊಟ್ಟವರು, ಬ್ಯಾಂಕು ನಮಗೆ ಬಾಕಿ.

ಆದರೆ ಈ ಪತ್ರ ಬರೆಯಲು ಕೂತದ್ದು ಸಕ್ಕರೆಯ ಸಲುವಾಗಿ. ಅವ್ವ ಅಂಗಡಿಯಿಂದ ಅಡುಗೆಮನೆಗೆ ಸಕ್ಕರೆ ಒಯ್ದರೆ ಮುತ್ಯಾ ‘ಮನಿ’ ಎಂಬ ಖಾತೆ ತೆಗೆದು ನಾಂವೆ ಬರೆಯುತ್ತಿದ್ದರು. ಸಣ್ಣವನಿದ್ದಾಗ ಕೇಳಿದ್ದೆ: “ಮುತ್ಯಾ, ಅಂಗಡಿ ನಮ್ದೇ ಅಲಾ? ನಮ್ಮ ಸಕ್ಕರಿ ನಾವ್ಯಾಕ ಬರಕೋಬೇಕು?” ಅವರು ತಲೆ ಎತ್ತದೆ ಅಂದರು: “ಅಂಗಡಿ ಬ್ಯಾರೆ, ಮನಿ ಬ್ಯಾರೆ.” ಕಾಲೇಜಿನಲ್ಲಿ ‘ವ್ಯವಹಾರದ ಪ್ರತ್ಯೇಕ ಅಸ್ತಿತ್ವದ ಪರಿಕಲ್ಪನೆ’ ಎಂಬ ಐದು ಅಂಕದ ಉತ್ತರವನ್ನು ಬಾಯಿಪಾಠ ಮಾಡುವಾಗ ಅದು ಈ ಸಕ್ಕರೆಯೇ ಎಂದು ನನಗೆ ಹೊಳೆದಿರಲಿಲ್ಲ.

ನಮ್ಮ ಪುಸ್ತಕ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚೊಲಿಯ ಗ್ರಂಥದಿಂದ ಶುರುವಾಗುತ್ತದೆ. ಇರಲಿ, ಜೋಡಿ ನಮೂದನ್ನು ಲೋಕಕ್ಕೆ ವಿವರಿಸಿ ಕೊಟ್ಟವನು ಅವನು. ಆದರೆ ‘ಅಂಗಡಿ ಬ್ಯಾರೆ, ಮನಿ ಬ್ಯಾರೆ’ ಎಂಬುದಕ್ಕೆ ನಮ್ಮ ಕಡೆಯದೇ ಒಂದು ಕಥೆ ಇದೆ. ಅದಕ್ಕೆ 13 ವರ್ಷ ಮೊದಲು, 1481ರಲ್ಲಿ, ಬಹಮನಿ ರಾಜ್ಯದ ವಜೀರ ಮಹಮೂದ್ ಗವಾನನ ತಲೆ ಬಿತ್ತು. ಇರಾನಿನ ಗೀಲಾನ್ ಕಡೆಯಿಂದ ವ್ಯಾಪಾರಕ್ಕೆ ಬಂದು ವಜೀರನಾದವನು. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ನೀಲಿ ಹಂಚು ಇವತ್ತಿಗೂ ಬೀದರಿನಲ್ಲಿ ಹೊಳೆಯುತ್ತದೆ. ಖೋಟಾ ಪತ್ರವೊಂದನ್ನು ನಂಬಿ ಸುಲ್ತಾನ ಅವನನ್ನು ಕೊಲ್ಲಿಸಿದ. ಆಮೇಲೆ ಅವನ ಸಂಪತ್ತು ಎಲ್ಲಿ ಎಂದು ಲೆಕ್ಕ ಕೇಳಿದಾಗ ಸಿಕ್ಕಿದ್ದನ್ನು ಇತಿಹಾಸಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ: ಗವಾನ್ ಎರಡು ಭಂಡಾರ ಇಟ್ಟಿದ್ದ. ಒಂದು ದೊರೆಯ ಹೆಸರಿನದು, ದಂಡಿನ ವೆಚ್ಚಕ್ಕೆ. ಇನ್ನೊಂದು ಬಡವರದ್ದು. ತನ್ನ ಊಟ ಬಟ್ಟೆಗೆ ಮಾತ್ರ ತಾನು ಊರಿಂದ ತಂದ ಬಂಡವಾಳದ ವ್ಯಾಪಾರದ ಲಾಭವನ್ನೇ ಮುಟ್ಟುತ್ತಿದ್ದ. ಸತ್ತ ಮೇಲೂ ಅವನ ಪರವಾಗಿ ಸಾಕ್ಷಿ ನುಡಿದದ್ದು ಆ ಲೆಕ್ಕ. ಪ್ರತ್ಯೇಕ ಅಸ್ತಿತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೀದರಿನ ಹುಡುಗರಿಗೆ ಬೇಕೆ?

ಈಗ ಎಲ್ಲರೂ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಕಲಿಯಲು ಓಡುತ್ತಾರೆ. ನಾನೂ ಕಲಿತೆ. ಎರಡು ಬದಿಯ ಮೊತ್ತ ಕೂಡದಿದ್ದರೆ ಅದು ನಮೂದನ್ನು ಒಪ್ಪುವುದಿಲ್ಲ, ನಿಜ. ಆದರೆ ಅವ್ವನ ಸಕ್ಕರೆಯನ್ನು ಅಂಗಡಿಯ ಖರ್ಚಿಗೆ ಹಚ್ಚಿದರೆ ಸುಮ್ಮನೆ ನುಂಗಿಕೊಳ್ಳುತ್ತದೆ, ತಾಳೆಪಟ್ಟಿಯೂ ಚೆನ್ನಾಗಿ ಕೂಡುತ್ತದೆ. ಅದು ತತ್ವದೋಷ. ಯಂತ್ರಕ್ಕೆ ಕಾಣದ್ದನ್ನು ಕಾಣುವ ಕಣ್ಣು ನಿಮ್ಮ ಮೊದಲ ಅಧ್ಯಾಯದಿಂದಲೇ ಮೂಡಬೇಕು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಹೋಳಿಯ ನಂತರ ನಮ್ಮೂರಲ್ಲಿ ಬಹಮನಿ ಸುಲ್ತಾನನಾಗಿದ್ದ ಅಹ್ಮದ್ ಷಾ ವಲಿಯ ಉರುಸು. ಅವನನ್ನೇ ಅಲ್ಲಮಪ್ರಭು ಎಂದು ನಡೆದುಕೊಳ್ಳುವ ಲಿಂಗಾಯತರಿಗೆ ಅದು ಜಾತ್ರೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಮುತ್ಯಾ ಬೀದರಿನಿಂದ ಉದ್ರಿ ತಂದ ತೆಂಗಿನಕಾಯಿಯನ್ನು ಉರುಸಿಗೆ ಬಂದವರಿಗೂ ಜಾತ್ರೆಗೆ ಬಂದವರಿಗೂ ರೋಖಿಗೆ ಮಾರುತ್ತಿದ್ದರು. ಜಾತ್ರೆ ಮುಗಿದ ಮೇಲೆ ಉಳಿದ ಕಾಯಿಗೆ ಕೊಂಡ ಬೆಲೆಯನ್ನೇ ಸುಮ್ಮನೆ ಕಟ್ಟುತ್ತಿರಲಿಲ್ಲ, ಇವತ್ತು ಗಂಜಿನಲ್ಲಿ ಎಷ್ಟಕ್ಕೆ ಹೋದೀತು ಎಂದು ಕೇಳಿ ಎರಡರಲ್ಲಿ ಕಡಿಮೆಯದನ್ನೇ ಬರೆಯುತ್ತಿದ್ದರು. ಅಖೈರು ದಾಸ್ತಾನಿನ ಇಡೀ ಪಾಠ ಆ ಬುಟ್ಟಿಯೊಳಗಿದೆ.

ಮುಂದಿನ ಆವೃತ್ತಿ ಬರೆಯುವ ಮೊದಲು ಒಮ್ಮೆ ಬನ್ನಿ. ಮುತ್ಯಾ ಈಗಿಲ್ಲ, ವಹಿಗಳು ಅಟ್ಟದ ಮೇಲಿವೆ. ಗೆದ್ದಲು ಹತ್ತದ ಹಾಗೆ ಪ್ರತಿ ದೀಪಾವಳಿಗೆ ಇಳಿಸಿ ಬಿಸಿಲಿಗೆ ಹಾಕುತ್ತೇನೆ. ‘ಮನಿ’ ಖಾತೆಯ ಪುಟಕ್ಕೆ ಗುರುತು ಇಟ್ಟಿದ್ದೇನೆ.

ಇಂತಿ,
ಅಷ್ಟೂರಿನ ಒಬ್ಬ ವಿದ್ಯಾರ್ಥಿ