ಡೈನಮೋ ಮಹಾಶಯರಿಗೊಂದು ಬಹಿರಂಗ ಪತ್ರ

ಶ್ರೀಮಾನ್ ಡೈನಮೋ ಅವರ ಸನ್ನಿಧಾನಕ್ಕೆ, ಹಳೇ ಅಂಬಾಸಿಡರಿನ ಮಾಲೀಕ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಗಾಡಿ ಓಡಿದರೆ ಮಾತ್ರ ದುಡಿಯುವುದೆಂಬ ತಮ್ಮ ವ್ರತ ದೊಡ್ಡದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಾವು ನಿಂತರೆ ತಾವೂ ಕೈಚೆಲ್ಲುತ್ತೀರಿ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಕಣ್ಣು ಬಿಡುತ್ತದೆ. ಮಳೆಗಾಲದ ರಾತ್ರಿಯಂತೂ ಹೆಡ್‌ಲೈಟು ಮಂಕು, ವೈಪರು ಅರ್ಧ ಗಾಜಿಗೇ ಸುಸ್ತು. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ, ಪೆಟ್ರೋಲು ಸುಟ್ಟು ತಮಗೆ ಆರತಿ ಎತ್ತುವ ಭಾಗ್ಯ ಕರುಣಿಸಿದ್ದೀರಿ. ಧನ್ಯೋಸ್ಮಿ.

ತಮ್ಮನ್ನು ದೂರುವುದೂ ತಪ್ಪೇ. ತಮ್ಮಲ್ಲಿ ಕರೆಂಟು ಹುಟ್ಟುವುದೇ ತಿರುಗುವ ಆರ್ಮೇಚರಿನಲ್ಲಿ. ಜೋರಾಗಿ ತಿರುಗಿಸಿದರೆ ತಂತಿ ಸುರುಳಿಯೇ ಕಿತ್ತುಬರುತ್ತದಂತೆ. ಹಾಗಾಗಿ ದೊಡ್ಡ ಪುಲ್ಲಿ, ನಿಧಾನ ಗತಿ. ಮೈತುಂಬ ದುಡಿದರೂ ತಮ್ಮ ಪ್ರಸಾದ 22 ಆಂಪಿಯರ್. ಅದರಲ್ಲಿ 9 ಆಂಪಿಯರ್ ಹೆಡ್‌ಲೈಟುಗಳೇ ನುಂಗುತ್ತವೆ.

ಆದ್ದರಿಂದ ಜೆ.ಸಿ. ರಸ್ತೆಯಲ್ಲಿ 45 ಆಂಪಿಯರಿನ ಆಲ್ಟರ್ನೇಟರ್ ಒಂದನ್ನು ನೋಡಿಬಂದೆ. ತಮ್ಮ ಪೀಠ ಖಾಲಿ ಮಾಡಿಸುವುದು ಬೀಗರ ಬಳಗವನ್ನೇ ಎಬ್ಬಿಸಿದ ಹಾಗೆ ಎಂಬುದು ಆಮೇಲೆ ತಿಳಿಯಿತು. ತಮ್ಮ ಆಪ್ತ ಕಟೌಟ್ ಡಬ್ಬಿಗೂ ನಿವೃತ್ತಿ. ತಮ್ಮ ಕಾಲದ ಸಪೂರ ವೈರಿನಲ್ಲಿ 45 ಆಂಪಿಯರ್ ಹರಿದರೆ ಹೊಗೆಯಾಡೀತು, ಬ್ಯಾಟರಿಗೆ ನೇರವಾಗಿ ದಪ್ಪ ವೈರು ಎಳೆಯಬೇಕು. 30ಕ್ಕೇ ಮುಗಿಯುವ ಆ್ಯಮೀಟರಿಗೂ ಮಂಗಳ ಹಾಡಬೇಕು. ಬ್ರ್ಯಾಕೆಟ್ಟು ಹೊಸದು, ಪುಲ್ಲಿ ನೂಲೆಳೆಯಷ್ಟು ವಾರೆಯಾದರೂ ಬೆಲ್ಟು ಕೀರಲು ದನಿಯಲ್ಲಿ ಹಾಡುತ್ತದೆ. ನಾನು ಶಪಿಸುತ್ತಿದ್ದ ಆ ಕೆಂಪು ದೀಪವನ್ನು ಮಾತ್ರ ಕೀಳುವಂತಿಲ್ಲ. ಅದರ ಬಲ್ಬಿನ ಮೂಲಕ ಹರಿದ ಚೂರು ಕರೆಂಟಿನಿಂದಲೇ ಹೊಸಬರಿಗೆ ಎಚ್ಚರವಾಗುವುದು.

ತಮ್ಮ ಪರಮಭಕ್ತರಾದ ಮೆಕ್ಯಾನಿಕರ ವಿಷಯವನ್ನೂ ಅರಿಕೆ ಮಾಡಿಕೊಳ್ಳಬೇಕು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಎಳೆದು, “ನೋಡಿ ಸಾರ್, ಚಾರ್ಜ್ ಆಗ್ತಿದೆ” ಎನ್ನುವ ಪರೀಕ್ಷೆ ಅವರು ತಮ್ಮ ಕಾಲದಲ್ಲಿ ಕಲಿತದ್ದು. ತಾವು ಸಹಿಸಿದಿರಿ. ಆಲ್ಟರ್ನೇಟರಿನೊಳಗಿನ ಡಯೋಡುಗಳು ಅದೇ ಪರೀಕ್ಷೆಗೆ ಸುಟ್ಟುಹೋಗಬಹುದು. ಮೀಟರ್ ಹಿಡಿದು 14 ವೋಲ್ಟ್ ಆಸುಪಾಸು ಬರುತ್ತಿದೆಯೇ ಎಂದು ನೋಡಿ ಅಂದರೆ, ಅವರು ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ಹೋಗುವ ಮುನ್ನ ತಾವೇ ಅವರಿಗೆ ನಾಲ್ಕು ಮಾತು ಹೇಳಿಹೋಗಬೇಕು.

ಬರುವ ಭಾನುವಾರದೊಳಗೆ ದಯಮಾಡಿ ಜಾಗ ತೆರವು ಮಾಡಿಕೊಡಬೇಕಾಗಿ ಪ್ರಾರ್ಥನೆ. ತಮ್ಮೊಳಗಿನ ತಾಮ್ರಕ್ಕೆ ಗುಜರಿಯವನು ಆಗಲೇ ದರ ಹೇಳಿಹೋಗಿದ್ದಾನೆ.

ಇತಿ ತಮ್ಮ ವಿಧೇಯ,
ಅಂಬಾಸಿಡರ್ ಮಾಲೀಕ